ನಿಸರ್ಗ ಕೇಂದ್ರದ ಹಕ್ಕಿಗಳ ಪರಿಚಯ ಮಾಡಿಕೊಳ್ಳುವುದು ಹೇಗೆ?

ನಿಸರ್ಗ ಕೇಂದ್ರಕ್ಕೆ ಬರುವ ಬಹಳಷ್ಟು ಮಂದಿ ಹಕ್ಕಿಗಳ ಆವರಣದ ಮುಂದೆ ನಿಲ್ಲುವುದು ಅರೆಗಳಿಗೆ. ಗೂಬೆ ಕಣ್ಣು ಮುಚ್ಚಿ ಕೂತಿರುತ್ತದೆ, ಗಿಡುಗ ಬೆನ್ನು ತಿರುಗಿಸಿರುತ್ತದೆ. ಒಂದು ಫೋಟೊ ತೆಗೆದುಕೊಂಡು ಮುಂದಿನ ಪಂಜರಕ್ಕೆ ಹೋಗಿಬಿಡುತ್ತಾರೆ. ಹೀಗೆ ಹತ್ತು ಹಕ್ಕಿ ನೋಡಿದರೂ ಮನೆ ಸೇರುವಷ್ಟರಲ್ಲಿ ಒಂದೂ ನೆನಪಿನಲ್ಲಿ ಉಳಿದಿರುವುದಿಲ್ಲ. ನಾನು ಹೇಳುವುದು ಇಷ್ಟೇ: ಒಂದೇ ಒಂದು ಹಕ್ಕಿಯನ್ನು ಆರಿಸಿಕೊಳ್ಳಿ. ಅದರ ಮುಂದೆ ಕೂತುಕೊಳ್ಳಿ. ಮುಂದಿನ ಸಲ ಹೋದಾಗಲೂ ಅದರ ಹತ್ತಿರವೇ ಹೋಗಿ. ಒಂದು ಹಕ್ಕಿಯನ್ನು ಸರಿಯಾಗಿ ನೋಡಲು ಕಲಿತವರಿಗೆ ಉಳಿದವು ತಾವಾಗಿ ಅರ್ಥವಾಗತೊಡಗುತ್ತವೆ.

ಇಂಥ ಕೇಂದ್ರಗಳಲ್ಲಿ ಕಾಯಂ ಆಗಿ ನೆಲೆಸಿರುವುದು ಹೆಚ್ಚಾಗಿ ಗೂಬೆ, ಗಿಡುಗ, ಹದ್ದು, ಡೇಗೆ ಮತ್ತು ರಣಹದ್ದುಗಳು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅವುಗಳನ್ನು ಕುರಿತದ್ದೇ. ಕಾಗೆಯೂ ಇದ್ದರೆ ಬಿಡಬೇಡಿ. ಅದರ ಮಾತು ಮುಂದೆ ಬರುತ್ತದೆ.

ಅವು ಅಲ್ಲೇಕೆ ಇವೆ?

ಹಕ್ಕಿಯ ಜಾತಿ ಯಾವುದೆಂದು ಕೇಳುವ ಮೊದಲು ಅದು ಅಲ್ಲಿಗೆ ಬಂದದ್ದು ಹೇಗೆಂದು ಕೇಳಿ. ಕಾಡಿನಿಂದ ಹಿಡಿದು ತಂದು ಪ್ರದರ್ಶನಕ್ಕೆ ಇಟ್ಟ ಹಕ್ಕಿಗಳು ಒಳ್ಳೆಯ ಕೇಂದ್ರಗಳಲ್ಲಿ ಇರುವುದಿಲ್ಲ. ಗಾಯಗೊಂಡು ಬಂದು, ಚಿಕಿತ್ಸೆ ಪಡೆದು, ಆದರೂ ವಾಪಸ್ ಬಿಡಲು ಸಾಧ್ಯವಾಗದೆ ಉಳಿದವೇ ಹೆಚ್ಚು. ವಾಹನಕ್ಕೆ ಡಿಕ್ಕಿ ಹೊಡೆದದ್ದು, ವಿದ್ಯುತ್ ತಂತಿಯಿಂದ ಸುಟ್ಟದ್ದು, ಕಿಟಕಿಯ ಗಾಜಿಗೆ ಬಡಿದದ್ದು, ಮುಳ್ಳುತಂತಿಗೆ ಸಿಕ್ಕಿ ರೆಕ್ಕೆ ಹರಿದದ್ದು, ಹೀಗೆ ಒಂದೊಂದಕ್ಕೆ ಒಂದೊಂದು ಕತೆ. ಬೇಟೆಗಾರರ ಗುಂಡಿನ ಸೀಸದ ಚೂರುಗಳಿರುವ ಮಾಂಸ ತಿಂದು ವಿಷವೇರಿಸಿಕೊಂಡ ಹದ್ದು, ರಣಹದ್ದುಗಳೂ ಇರುತ್ತವೆ.

"ರೆಕ್ಕೆ ಬಡಿಯುತ್ತಿದೆಯಲ್ಲ, ಹಾರುತ್ತದಲ್ಲ, ಬಿಡಬಾರದೇಕೆ?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈ ಕೊಂಬೆಯಿಂದ ಆ ಕೊಂಬೆಗೆ ಹಾರುವುದು ಬೇರೆ, ಬೇಟೆಯಾಡಿ ಬದುಕುವುದು ಬೇರೆ. ಪೆರೆಗ್ರಿನ್ ಡೇಗೆ ಆಕಾಶದಿಂದ ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ಬರುವ ಹಕ್ಕಿಯ ಒಂದು ರೆಕ್ಕೆ ಇನ್ನೊಂದಕ್ಕಿಂತ ಸ್ವಲ್ಪ ಕಡಿಮೆ ಚಾಚಿಕೊಂಡರೂ ಸಾಕು, ಗುರಿ ತಪ್ಪುತ್ತದೆ. ಕೀಲಿನ ಬಳಿ ಮುರಿದ ಮೂಳೆ ಕೂಡಿಕೊಂಡರೂ ಕೀಲು ಬಿಗಿದುಕೊಂಡುಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಹಕ್ಕಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಕಣ್ಣಿನ ಗಾಯದ್ದೂ ಇದೇ ಕತೆ. ಕಿವಿಯಿಂದಲೇ ಬೇಟೆ ಹುಡುಕಬಲ್ಲ ಗೂಬೆ ಒಂದು ಕಣ್ಣು ಕಳೆದುಕೊಂಡರೂ, ಪರೀಕ್ಷೆ ಮಾಡಿ ಬಿಡುಗಡೆ ಮಾಡುವುದುಂಟು. ದೃಷ್ಟಿಯನ್ನೇ ನಂಬಿದ ಡೇಗೆಗೆ ಆ ಅವಕಾಶ ಕಡಿಮೆ.

ಇನ್ನೊಂದು ಬಗೆಯ ಹಕ್ಕಿಗಳಿವೆ. ಅವುಗಳ ಮೈಯಲ್ಲಿ ಒಂದು ಗೀರೂ ಇರುವುದಿಲ್ಲ, ಆದರೂ ಹೊರಗೆ ಬಿಡುವ ಹಾಗಿಲ್ಲ. ಮರಿಯಾಗಿದ್ದಾಗ ಮನುಷ್ಯರ ಕೈಯಲ್ಲೇ ಬೆಳೆದು, ಮನುಷ್ಯರನ್ನೇ ತನ್ನ ಕುಲ ಎಂದುಕೊಂಡವು ಇವು. ಈ ಸ್ಥಿತಿಗೆ ಇಂಪ್ರಿಂಟಿಂಗ್ ಎನ್ನುತ್ತಾರೆ. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ ಹೆಬ್ಬಾತುಗಳ ಮರಿಗಳಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇಂಥ ಗೂಬೆಗೆ ತನ್ನ ಜಾತಿಯ ಗೂಬೆಯೇ ಅಪರಿಚಿತ. ಸಂಗಾತಿಗಾಗಿ ಅದು ಕೂಗಿ ಕರೆಯುವುದು ಕೈಗವಸು ತೊಟ್ಟು ಬರುವ ಮನುಷ್ಯನನ್ನು. ಹೊರಗೆ ಬಿಟ್ಟರೆ ಆಹಾರಕ್ಕಾಗಿ ಯಾರದೋ ಹೆಗಲ ಮೇಲೆ ಬಂದಿಳಿಯಬಹುದು, ಅವರು ಹೆದರಿ ಹೊಡೆಯಬಹುದು. ಪ್ರೀತಿಯಿಂದಲೇ ಮರಿಯನ್ನು ಮನೆಗೆ ಒಯ್ದು ಸಾಕಿದವರಿಂದ ಆಗಿರುವ ಹಾನಿ ಇದು. ನನ್ನ ಮಟ್ಟಿಗೆ, ಇಡೀ ಕೇಂದ್ರದಲ್ಲಿ ಮನಸ್ಸಿಗೆ ಹೆಚ್ಚು ತಾಕುವ ಹಕ್ಕಿಗಳು ಇವೇ.

ಹೋಗುವ ಮೊದಲು

ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ: ಆಹಾರ ಕೊಡುವ ಹೊತ್ತು ಯಾವುದು, ಹಕ್ಕಿಗಳನ್ನು ಕೈಮೇಲೆ ಕೂರಿಸಿಕೊಂಡು ಹೊರಗೆ ತರುವ ಹೊತ್ತು ಯಾವುದು. ನಡುಮಧ್ಯಾಹ್ನ ಹೋದರೆ ಬಹುತೇಕ ಗೂಬೆಗಳು ನಿದ್ದೆಯಲ್ಲಿರುತ್ತವೆ. ಬೆಳಗಿನ ಮೊದಲ ಗಂಟೆ ಅಥವಾ ಸಂಜೆ ಮುಚ್ಚುವ ಮುನ್ನಿನ ಗಂಟೆ ಒಳ್ಳೆಯದು, ಜನರೂ ಕಡಿಮೆ ಇರುತ್ತಾರೆ.

ಮನೆಯಲ್ಲಿ ಕೋಳಿ, ಬಾತು ಸಾಕಿದ್ದರೆ ಆ ಅಂಗಳದಲ್ಲಿ ಓಡಾಡಿದ ಚಪ್ಪಲಿ, ಬೂಟು ಹಾಕಿಕೊಂಡು ಹೋಗಬೇಡಿ. ಎಚ್5ಎನ್1 ಹಕ್ಕಿಜ್ವರ ಕೆಲವು ವರ್ಷಗಳಿಂದ ಕಾಡುಹಕ್ಕಿಗಳಲ್ಲೂ ವ್ಯಾಪಕವಾಗಿ ಹರಡಿದೆ, ಬೇಟೆ ಹಕ್ಕಿಗಳು ಅದಕ್ಕೆ ಬೇಗ ಬಲಿಯಾಗುತ್ತವೆ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇಟ್ಟಿದ್ದರೆ, ಕೆಲವು ಆವರಣಗಳನ್ನು ಮುಚ್ಚಿದ್ದರೆ ಬೇಸರಿಸಬೇಡಿ. ನಾಯಿಯನ್ನು ಕರೆದೊಯ್ಯಬೇಡಿ. ಕ್ಯಾಮೆರಾದ ಫ್ಲಾಶ್ ಮನೆಯಲ್ಲೇ ಆಫ್ ಮಾಡಿಟ್ಟುಕೊಳ್ಳಿ. ಒಂದು ಪುಟ್ಟ ನೋಟ್‌ಬುಕ್, ಪೆನ್ಸಿಲ್ ಇರಲಿ. ಪಂಜರ ಹತ್ತಿರದಲ್ಲೇ ಇದ್ದರೂ ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ. ಹಿಂದೆ ಸರಿದು ನಿಂತು, ಹಕ್ಕಿಗೆ ತೊಂದರೆ ಕೊಡದೆ ಉಗುರು, ಕಣ್ಣು, ಗರಿಯ ಅಂಚು ನೋಡಲು ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲು ಆವರಣ ನೋಡಿ

ಹಕ್ಕಿ ಕಾಣುವ ಮೊದಲೇ ಆವರಣ ಅದರ ಬಗ್ಗೆ ಸಾಕಷ್ಟು ಹೇಳುತ್ತದೆ. ಕೂರುವ ಕೊಂಬೆಗಳು ಒಂದು ದಪ್ಪ, ಒಂದು ಸಣ್ಣ ಇವೆಯೇ? ಕೆಲವಕ್ಕೆ ಕೃತಕ ಹುಲ್ಲಿನ ಹಾಸು ಸುತ್ತಿದ್ದಾರೆಯೇ? ಅದು ಅಲಂಕಾರಕ್ಕೆ ಸುತ್ತಿದ್ದಲ್ಲ. ದಿನವಿಡೀ ಒಂದೇ ದಪ್ಪದ ನುಣುಪಾದ ಕೋಲಿನ ಮೇಲೆ ಕೂತರೆ ಬೇಟೆ ಹಕ್ಕಿಯ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ಬಂಬಲ್‌ಫುಟ್ ಎನ್ನುವ ಈ ಹುಣ್ಣು ಬಲಿತರೆ ಹಕ್ಕಿಯ ಪ್ರಾಣಕ್ಕೇ ಕುತ್ತು. ನೆಲದಿಂದ ಮೇಲಿನ ಕೊಂಬೆಯವರೆಗೆ ಏಣಿಯಂತೆ ಓರೆ ಹಲಗೆ ಇಟ್ಟಿದ್ದರೆ ಅಲ್ಲಿರುವ ಹಕ್ಕಿಗೆ ಹಾರಲು ಆಗದು ಎಂದರ್ಥ. ಮೂರು ಕಡೆ ಗೋಡೆ, ಒಂದು ಕಡೆ ಮಾತ್ರ ಜಾಲರಿ ಇದ್ದರೆ, ನಾಲ್ಕೂ ಕಡೆಯಿಂದ ಜನ ಮುತ್ತಬಾರದು ಎಂದು ಯೋಚಿಸಿ ಮಾಡಿದ್ದಾರೆ. ಜನರ ಕಣ್ಣಿಗೆ ಬೀಳದೆ ಅಡಗಿ ಕೂರಲು ಒಂದು ಮೂಲೆ ಇಲ್ಲದ ಆವರಣ ನನಗೆ ಒಪ್ಪಿಗೆಯಾಗುವುದಿಲ್ಲ, ಅದು ಎಷ್ಟೇ ದೊಡ್ಡದಿರಲಿ.

ಕೊಂಬೆಯ ಕೆಳಗಿನ ಬಿಳಿ ಕಲೆಗಳನ್ನೂ ಗಮನಿಸಿ. ಹಕ್ಕಿಗೆ ಯಾವ ಜಾಗ ಇಷ್ಟ ಎಂದು ಅವು ಹೇಳುತ್ತವೆ. ಆ ಬಿಳಿಯ ಭಾಗ ಯೂರಿಕ್ ಆಮ್ಲ, ನಮ್ಮ ಮೂತ್ರದ ಬದಲಿಗೆ ಹಕ್ಕಿಗಳು ಹೊರಹಾಕುವುದು ಅದನ್ನೇ.

ಕಾಲಿನಿಂದ ಶುರು ಮಾಡಿ

ಎಲ್ಲರ ಕಣ್ಣೂ ಮೊದಲು ಹೋಗುವುದು ಹಕ್ಕಿಯ ಮುಖದ ಮೇಲೆ. ನೀವು ಕಾಲಿನಿಂದ ಶುರು ಮಾಡಿ. ಬೇಟೆ ಹಕ್ಕಿಯ ಬದುಕು ಇರುವುದು ಅಲ್ಲೇ. ಗಿಡುಗ, ಹದ್ದುಗಳು ಬೇಟೆಯನ್ನು ಉಗುರಿನ ಹಿಡಿತದಿಂದಲೇ ಕೊಲ್ಲುತ್ತವೆ. ಡೇಗೆಗಳು ಕಾಲಿನಿಂದ ಹಿಡಿದು ಕೊಕ್ಕಿನಿಂದ ಕತ್ತು ಮುರಿಯುತ್ತವೆ. ಮೇಲಿನ ಕೊಕ್ಕಿನ ಅಂಚಿನಲ್ಲಿ ಹಲ್ಲಿನಂತೆ ಒಂದು ಮೊನೆ ಇದೆಯೇ ನೋಡಿ. ಇದ್ದರೆ ಅದು ಡೇಗೆಯ ಬಳಗದ್ದಾಗಿರುವ ಸಾಧ್ಯತೆ ಹೆಚ್ಚು. ಗೂಬೆಯ ಕಾಲಲ್ಲಿ ಹೊರಬೆರಳು ಹಿಂದಕ್ಕೂ ತಿರುಗುತ್ತದೆ, ಮುಂದೆ ಎರಡು ಹಿಂದೆ ಎರಡು ಬೆರಳಿಟ್ಟು ಕೊಂಬೆ ಹಿಡಿಯಬಲ್ಲದು. ರಣಹದ್ದಿನ ಕಾಲಲ್ಲಿ ಅಷ್ಟು ಹಿಡಿತವಿಲ್ಲ. ಸತ್ತ ಪ್ರಾಣಿ ಓಡಿಹೋಗುವುದಿಲ್ಲವಲ್ಲ, ಅದಕ್ಕೆ ಬೇಕಾದದ್ದು ನಡೆಯುವ ಕಾಲು.

ಆಮೇಲೆ ಗಾತ್ರ. ಒಂದೇ ಜಾತಿಯ ಜೋಡಿ ಇದ್ದರೆ ಯಾವುದು ದೊಡ್ಡದು ನೋಡಿ. ಬೇಟೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು.

ಕೊನೆಗೆ ತಲೆಗೆ ಬನ್ನಿ. ಗೂಬೆಯ ಕಣ್ಣು ಗುಂಡಾಗಿಲ್ಲ, ಕೊಳವೆಯಾಕಾರದಲ್ಲಿದೆ. ಸುತ್ತಲೂ ಎಲುಬಿನ ಬಳೆ ಇರುವುದರಿಂದ ಗುಳಿಯೊಳಗೆ ಅದು ಹೆಚ್ಚುಕಡಿಮೆ ತಿರುಗುವುದೇ ಇಲ್ಲ. ಪಕ್ಕಕ್ಕೆ ನೋಡಬೇಕಾದರೆ ತಲೆಯನ್ನೇ ತಿರುಗಿಸಬೇಕು. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕತ್ತಿನಲ್ಲಿ 14 ಇವೆ, ತಲೆ 270 ಡಿಗ್ರಿಯವರೆಗೆ ಹೊರಳುತ್ತದೆ. ತಲೆಯ ಮೇಲೆ ಕೊಂಬಿನಂತೆ ನಿಂತಿರುವುದು ಬರೀ ಗರಿ, ಅದು ಕಿವಿಯಲ್ಲ. ನಿಜವಾದ ಕಿವಿಗಳು ಮುಖದ ಇಕ್ಕೆಲದಲ್ಲಿ ಗರಿಗಳ ಅಡಿಯಲ್ಲಿರುತ್ತವೆ. ಕಣಜ ಗೂಬೆಯಲ್ಲಂತೂ ಒಂದು ಕಿವಿ ಇನ್ನೊಂದಕ್ಕಿಂತ ಎತ್ತರದಲ್ಲಿದೆ. ಕೆಳಗಿನಿಂದ ಬಂದ ಸದ್ದು ಎರಡೂ ಕಿವಿಗೆ ಒಂದೇ ಮಟ್ಟದಲ್ಲಿ ಕೇಳಿಸುವುದಿಲ್ಲ. ಆ ವ್ಯತ್ಯಾಸದಿಂದಲೇ ಇಲಿ ಎಷ್ಟು ಕೆಳಗಿದೆ ಎಂದು ಅದು ಲೆಕ್ಕ ಹಾಕುತ್ತದೆ. ಪೂರ್ತಿ ಕತ್ತಲಲ್ಲೂ ಬರೀ ಸದ್ದಿನ ಮೇಲೆ ಇಲಿ ಹಿಡಿಯಬಲ್ಲದು ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಕಣಜ ಗೂಬೆಗಳ ಬಳಗವಿದೆ, ಆದ್ದರಿಂದ ನಿಮ್ಮ ಮೊದಲ ಹಕ್ಕಿ ಅದೇ ಆಗುವ ಸಾಧ್ಯತೆಯಿದೆ.

ಕೇಂದ್ರದವರು ಉದುರಿದ ಗೂಬೆಯ ಗರಿಯನ್ನು ಮುಟ್ಟಿ ನೋಡಲು ಇಟ್ಟಿದ್ದರೆ ಅದರ ಮುಂದಿನ ಅಂಚನ್ನು ಬೆರಳಲ್ಲಿ ಸವರಿ. ಬಾಚಣಿಗೆಯ ಹಲ್ಲಿನಂತೆ ಸಣ್ಣ ಎಳೆಗಳು ಸಿಗುತ್ತವೆ. ಮೇಲ್ಮೈ ಮಖಮಲ್ಲಿನಷ್ಟು ಮೆದು, ಹಿಂದಿನ ಅಂಚು ಜಾಲರಿನಂತೆ ಬಿಡಿಬಿಡಿ. ಈ ಮೂರೂ ಸೇರಿ ಗಾಳಿಯ ಸದ್ದನ್ನು ಅಡಗಿಸುತ್ತವೆ. ಪಕ್ಕದಲ್ಲೇ ಗಿಡುಗದ ಗರಿ ಇದ್ದರೆ ಎರಡನ್ನೂ ಕಿವಿಯ ಬಳಿ ಬೀಸಿ ನೋಡಿ, ಇನ್ಯಾವ ವಿವರಣೆಯೂ ಬೇಡ. ಆದರೆ ನೆಲದಲ್ಲಿ ಬಿದ್ದ ಗರಿಯನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ.

ಮೈಯ ಭಾಷೆ

ಪರಿಚಯ ನಿಜವಾಗಿ ಶುರುವಾಗುವುದು ಇಲ್ಲಿ. ಆವರಣದಿಂದ ಕೆಲವು ಹೆಜ್ಜೆ ದೂರದಲ್ಲಿ, ಹಕ್ಕಿಗಿಂತ ಎತ್ತರದಲ್ಲಿ ಕಾಣದ ಹಾಗೆ, ಮೈಯನ್ನು ಸ್ವಲ್ಪ ಓರೆಯಾಗಿಟ್ಟು ಕೂತುಕೊಳ್ಳಿ. ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ. ಹಾಗೆ ದಿಟ್ಟಿಸುವುದು ಬೇಟೆಯಾಡುವ ಪ್ರಾಣಿಯ ಲಕ್ಷಣ, ಹಕ್ಕಿಗೆ ಅದು ಗೊತ್ತು.

ಮೊದಲ ಐದು ನಿಮಿಷ ಅದು ನಿಮ್ಮನ್ನು ಲೆಕ್ಕ ಹಾಕುತ್ತಿರುತ್ತದೆ. ಗರಿಗಳೆಲ್ಲ ಮೈಗೆ ಅಂಟಿಕೊಂಡು ಹಕ್ಕಿ ಸಣಕಲಾಗಿ, ಉದ್ದವಾಗಿ ಕಂಡರೆ ಅದಕ್ಕೆ ಭಯವಾಗಿದೆ. ಗೂಬೆಗಳಲ್ಲಿ ಇದು ಎದ್ದು ಕಾಣುತ್ತದೆ: ಮೈ ಒಣಕೊಂಬೆಯ ಹಾಗೆ ನೆಟ್ಟಗಾಗುತ್ತದೆ, ಕಣ್ಣು ಗೆರೆಯಷ್ಟು ಕಿರಿದಾಗುತ್ತದೆ. ನೋಡುವವರು "ಎಷ್ಟು ಮುದ್ದಾಗಿದೆ, ನಿದ್ದೆ ಮಾಡ್ತಿದೆ" ಅನ್ನುತ್ತಾರೆ. ಅದು ನಿದ್ದೆಯಲ್ಲ, ಅಡಗುವ ಪ್ರಯತ್ನ. ಅದಕ್ಕೆ ವಿರುದ್ಧವಾಗಿ ಮೈ ಉಬ್ಬಿಸಿ, ರೆಕ್ಕೆಗಳನ್ನು ಅಗಲಿಸಿ ಮುಂದಕ್ಕೆ ಬಾಗಿಸಿ, ಕೊಕ್ಕಿನಿಂದ ಟಕ್ ಟಕ್ ಸದ್ದು ಮಾಡಿದರೆ ಇನ್ನು ಹತ್ತಿರ ಬರಬೇಡ ಎಂಬ ಎಚ್ಚರಿಕೆ. ಎರಡರಲ್ಲಿ ಯಾವುದು ಕಂಡರೂ ನೀವು ಮಾಡಬೇಕಾದದ್ದು ಒಂದೇ, ಸದ್ದಿಲ್ಲದೆ ಇನ್ನಷ್ಟು ಹಿಂದೆ ಸರಿಯುವುದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ ಇರಬಹುದು, ಆತಂಕವೂ ಇರಬಹುದು. ಪಕ್ಕದಲ್ಲಿರುವ ಸಿಬ್ಬಂದಿಗೆ ಹೇಳಿ.

ಈಗ ಕಾಯಿರಿ. ನೀವು ಅಪಾಯವಲ್ಲ ಎಂದು ಹಕ್ಕಿ ತೀರ್ಮಾನಿಸುವ ಗಳಿಗೆಯನ್ನು ಕಣ್ಣಾರೆ ನೋಡಬಹುದು. ಗಿಡುಗ ಮೊದಲು ಒಂದು ಕಾಲನ್ನು ಸಡಿಲ ಬಿಡುತ್ತದೆ. ಕೊಂಬೆಯ ಮೇಲಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಆ ಕಾಲು ಮುಷ್ಟಿ ಕಟ್ಟಿಕೊಂಡು ನಿಧಾನವಾಗಿ ಹೊಟ್ಟೆಯ ಗರಿಗಳೊಳಗೆ ಸೇರಿಹೋಗುತ್ತದೆ. ಗಲ್ಲದ ಕೆಳಗಿನ ಪುಕ್ಕ ಉಬ್ಬುತ್ತದೆ, ಆಮೇಲೆ ಎದೆ, ಬೆನ್ನು, ಬಾಲದವರೆಗೆ ಪ್ರತಿ ಗರಿಯೂ ನಿಗುರಿ ನಿಲ್ಲುತ್ತದೆ. ಹಕ್ಕಿ ಕ್ಷಣಕ್ಕೆ ಎರಡರಷ್ಟು ದಪ್ಪ ಕಾಣುತ್ತದೆ. ಒಮ್ಮೆ ಜೋರಾಗಿ ಮೈ ಕೊಡವುತ್ತದೆ, ಬಿಸಿಲಿನಲ್ಲಿ ಗರಿಯ ಧೂಳು ಎದ್ದು ತೇಲುತ್ತದೆ, ಗರಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಹೆದರಿದ ಹಕ್ಕಿ ಸಾಮಾನ್ಯವಾಗಿ ಹೀಗೆ ಮೈ ಕೊಡವುವುದಿಲ್ಲ. ಪಳಗಿದ ಪಾಲಕರು ಹಕ್ಕಿಯನ್ನು ಕೈಗೆ ತೆಗೆದುಕೊಂಡ ಮೇಲೆ ಇದಕ್ಕಾಗಿ ಕಾದು, ಆಮೇಲೆ ಜನರ ಮುಂದೆ ಬರುತ್ತಾರೆ.

ಗೂಬೆ ತಲೆಯನ್ನು ಮೇಲೆ ಕೆಳಗೆ, ಆಚೆ ಈಚೆ ಆಡಿಸುವುದನ್ನು ಕಂಡು ಮಕ್ಕಳು ನಗುತ್ತಾರೆ, ಕುಣಿಯುತ್ತಿದೆ ಎನ್ನುತ್ತಾರೆ. ಅಲುಗದ ಕಣ್ಣಿನಿಂದ ದೂರ ಅಳೆಯುವ ಕ್ರಮ ಅದು. ಅದು ಅಳೆಯುತ್ತಿರುವುದು ನಿಮ್ಮನ್ನೇ ಇರಬಹುದು.

ನೋಡಿಕೊಳ್ಳುವವರ ಜೊತೆ ಮಾತು

ಹಕ್ಕಿಗಳನ್ನು ನೋಡಿಕೊಳ್ಳುವ ಸಿಬ್ಬಂದಿ, ಸ್ವಯಂಸೇವಕರು ದಿನವೂ ಕೇಳಿಸಿಕೊಳ್ಳುವ ಪ್ರಶ್ನೆ "ಕಚ್ಚುತ್ತಾ?" ಎಂಬುದು. ನೀವು ಬೇರೆ ಕೇಳಿ. ಇವತ್ತು ಇದರ ತೂಕ ಎಷ್ಟು? ಕೈಮೇಲೆ ಕೂರಿಸುವ ಹಕ್ಕಿಗಳನ್ನು ಹೆಚ್ಚಿನ ಕಡೆ ದಿನವೂ ತೂಗಿ ಬರೆದಿಡುತ್ತಾರೆ, ಯಾಕೆಂದರೆ ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ಗ್ರಾಂಗಳ ಲೆಕ್ಕದಲ್ಲಿ ಇಳಿದ ತೂಕವೇ ಮೊದಲ ಸುಳಿವು. ಏನು ತಿನ್ನುತ್ತದೆ? ಇಲಿ, ಕೋಳಿಮರಿ, ಕೌಜುಗಗಳನ್ನು ಇಡಿಯಾಗಿ ಕೊಡುತ್ತಾರೆ. ಬರೀ ಮಾಂಸದ ತುಂಡಿನಲ್ಲಿ ಮೂಳೆಯ ಕ್ಯಾಲ್ಸಿಯಂ ಸಿಗುವುದಿಲ್ಲ. ಇವತ್ತು ಬರಲು ಇಷ್ಟವಿಲ್ಲ ಎಂದು ಅದು ಹೇಗೆ ಹೇಳುತ್ತದೆ? ಈ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ತನ್ನ ಹಕ್ಕಿಯನ್ನು ಬಲ್ಲವರು ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತಾರೆ. "ಅದರ ಇಷ್ಟ ಏನು ಬಂತು" ಎನ್ನುವವರ ಕೇಂದ್ರಕ್ಕೆ ನಾನು ಎರಡನೆಯ ಸಲ ಹೋಗಲಾರೆ.

ಮುಟ್ಟಲು ಕೇಳಬೇಡಿ. ಬೇಟೆ ಹಕ್ಕಿಗೆ ನೇವರಿಕೆಯಿಂದ ಸುಖವಿಲ್ಲ, ಕೈಯ ಜಿಡ್ಡಿನಿಂದ ಗರಿ ಹಾಳಾಗುತ್ತದೆ. ಅದರ ಕಾಲಿನ ಚರ್ಮದ ಪಟ್ಟಿಗಳು ಶಿಕ್ಷೆಗೆ ಕಟ್ಟಿದ್ದಲ್ಲ. ಬೆಚ್ಚಿಬಿದ್ದಾಗ ಹಾರಿ ಎಲ್ಲಿಗೋ ಬಡಿದುಕೊಳ್ಳದಿರಲಿ ಎಂದು ಅವನ್ನು ಕಟ್ಟಿರುತ್ತಾರೆ.

ಗೂಬೆ ಕಾರಿದ ಉಂಡೆ ಇದ್ದರೆ ತೋರಿಸಿ ಎಂದು ಕೇಳಿ. ಇಲಿಯನ್ನು ಇಡಿಯಾಗಿ ನುಂಗಿದ ಗೂಬೆ ಕೆಲವು ಗಂಟೆಗಳ ನಂತರ ಕೂದಲು, ಮೂಳೆಗಳನ್ನು ಒತ್ತಿ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಬಿಸಿ ಮಾಡಿ ರೋಗಾಣು ಕಳೆದದ್ದನ್ನು ಚಿಮುಟದಲ್ಲಿ ಬಿಡಿಸಿದರೆ ಬೂದು ಕೂದಲಿನೊಳಗಿಂದ ಇಲಿಯ ತಲೆಬುರುಡೆ ಕಿತ್ತಳೆ ಬಣ್ಣದ ಬಾಚಿಹಲ್ಲಿನ ಸಮೇತ ಹೊರಬರುತ್ತದೆ. ಗಿಡುಗದ ಉಂಡೆಯಲ್ಲಿ ಇಷ್ಟು ಮೂಳೆ ಸಿಗದು, ಅದರ ಹೊಟ್ಟೆಯ ಆಮ್ಲ ಹೆಚ್ಚು ತೀಕ್ಷ್ಣ.

ಮತ್ತೆ ಹೋಗಿ

ಮುಂದಿನ ಭೇಟಿಗೆ ಋತು ಬದಲಾಗಲಿ. ಗರಿ ಉದುರಿಸುವ ಕಾಲದಲ್ಲಿ ಅದೇ ಹಕ್ಕಿ ಕಳೆಗುಂದಿ, ಸಿಡುಕಿನಿಂದ ಇರಬಹುದು. ರೆಕ್ಕೆಯ ದೊಡ್ಡ ಗರಿಗಳು ಎಡಕ್ಕೊಂದು ಬಲಕ್ಕೊಂದು ಹೆಚ್ಚುಕಡಿಮೆ ಜೊತೆಯಾಗಿ ಉದುರುವುದನ್ನು, ಎರಡೂ ಕಡೆ ಸಮತೂಕ ಉಳಿಯುವುದನ್ನು ಗುರುತಿಸಬಹುದು. ಮರಿ ಮಾಡುವ ಕಾಲದಲ್ಲಿ ಒಂಟಿ ಹಕ್ಕಿಯೂ ಕೂಗುತ್ತದೆ, ಕಾಗದದ ಚೂರು ಸಿಕ್ಕರೂ ಹರಿದು ಗುಡ್ಡೆ ಹಾಕುತ್ತದೆ. ದಿನಾಂಕ, ಹೊತ್ತು, ಹವಾಮಾನ, ಎಲ್ಲಿ ಕೂತಿತ್ತು, ಏನು ಮಾಡಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚಿತ್ರ ಬರೆಯಲು ಬಾರದಿದ್ದರೂ ಒಂದು ಬಿಡಿಸಿ. ಫೋಟೊ ತೆಗೆಯುವಾಗ ಕಣ್ಣು ತಪ್ಪಿಸಿಕೊಂಡದ್ದೆಲ್ಲ ಬಿಡಿಸುವಾಗ ಸಿಗುತ್ತದೆ.

ಕಾಗೆ ಇದ್ದರೆ ಒಂದು ಮಾತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಮುಗಿಬಿದ್ದು ಬೈಯುತ್ತಿದ್ದವು, ಆಗ ಹುಟ್ಟಿರದ ಕಾಗೆಗಳೂ ಅವನ್ನು ನೋಡಿ ಕಲಿತವು. ಆದ್ದರಿಂದ ಕೇಂದ್ರದ ಕಾಗೆಯ ಮುಂದೆ ಮೊದಲ ದಿನ ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಬಗ್ಗೆ ಎಚ್ಚರವಿರಲಿ. ಜಾಲರಿ ತಟ್ಟಿದರೆ ಅದು ನಿಮ್ಮನ್ನು ಮರೆಯುವುದಿಲ್ಲ.

ದಾರಿಯಲ್ಲಿ ಗಾಯಗೊಂಡ ಹಕ್ಕಿ ಸಿಕ್ಕರೆ

ಕೇಂದ್ರದ ಹಕ್ಕಿಗಳ ಪರಿಚಯವಾದವರಿಗೆ ಹೊರಗಿನ ಹಕ್ಕಿಗಳೂ ಕಾಣತೊಡಗುತ್ತವೆ, ಬಿದ್ದು ನರಳುವವೂ ಕಾಣುತ್ತವೆ. ಹೊರಡುವ ಮೊದಲು ಕೇಂದ್ರದವರಿಂದ ಹತ್ತಿರದ ವನ್ಯಜೀವಿ ಚಿಕಿತ್ಸಾಲಯದ ನಂಬರ್ ಪಡೆದು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಗರಿ ಪೂರ್ತಿ ಬಂದು, ಮೋಟು ಬಾಲದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ, ಬಿಟ್ಟುಬಿಡಿ. ಗರಿ ಬಾರದ ಮರಿ ಬಿದ್ದಿದ್ದರೆ, ಗಾಯವಿಲ್ಲದಿದ್ದರೆ, ಗೂಡಿಗೆ ವಾಪಸ್ ಇಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬ ಮಾತು ನಿಜವಲ್ಲ. ನಿಜವಾಗಿ ಗಾಯಗೊಂಡದ್ದರ ಮೇಲೆ ದಪ್ಪ ಟವೆಲ್ ಹಾಕಿ, ಬೇಟೆ ಹಕ್ಕಿಯಾದರೆ ಕೊಕ್ಕಿಗಿಂತ ಕಾಲಿನ ಬಗ್ಗೆ ಹೆಚ್ಚು ಎಚ್ಚರದಿಂದ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆ ಕತ್ತಲಲ್ಲಿ, ಬೆಚ್ಚಗಿನ ಜಾಗದಲ್ಲಿ, ಸದ್ದಿಲ್ಲದ ಕಡೆ ಇರಲಿ. ಊಟ, ನೀರು ಏನೂ ಕೊಡಬೇಡಿ. ಬಲವಂತವಾಗಿ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯಬಹುದು. ಸಿಕ್ಕಿದ ಜಾಗವನ್ನು ಗುರುತು ಹಾಕಿಕೊಳ್ಳಿ: ಗುಣವಾದ ಹಕ್ಕಿಯನ್ನು ಅಲ್ಲಿಯೇ ಬಿಡಬೇಕಾಗುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮತ್ತೆ ತೆರೆದು ನೋಡದೆ ತಕ್ಷಣ ಫೋನ್ ಮಾಡಿ.